ನಾನು ಸಹಿ ಹಾಕಿದ ಒಂದು ಸಾಲು: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ನಮಸ್ಕಾರ.

ನಾನು ಮೈಸೂರು ಭಾಗದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಕಲಿಸುವವಳು. ಹದಿನೆಂಟು ವರ್ಷದಿಂದ ಇದೇ ಕೆಲಸ. ನಿಮ್ಮಲ್ಲಿ ಕೇಳಬೇಕಾದದ್ದು ಒಂದೇ ವಿಷಯ: ನಾವು ಅಧ್ಯಾಪಕರು ಕೂತು ಚರ್ಚೆ ಮಾಡಲು ಕೆಲಸದ ವೇಳೆಯಲ್ಲೇ ತಿಂಗಳಿಗೆ ಎರಡು ಗಂಟೆ ಕೊಡಿ. ಅದಕ್ಕೂ ಮೊದಲು ಒಬ್ಬ ತಾಯಿಯ ಬಗ್ಗೆ ಹೇಳಬೇಕು.

ಪಾಂಡವಪುರದ ಕಡೆಯ ಹಳ್ಳಿಯವರು. ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಸಕ್ಕರೆ ಕಾಯಿಲೆ ಏರಿ, ಜ್ವರ ಬಂದು ನಮ್ಮ ವಾರ್ಡಿಗೆ ಸೇರಿದ್ದರು. ಜೊತೆಗೆ ಇದ್ದದ್ದು ಒಂಬತ್ತು ವರ್ಷದ ಮಗ. ಅಮ್ಮನ ಕೈಸನ್ನೆ ಅರ್ಥವಾಗುತ್ತಿದ್ದದ್ದು ಅವನೊಬ್ಬನಿಗೇ. ನಾನು ಏಳೆಂಟು ವಿದ್ಯಾರ್ಥಿಗಳ ಜೊತೆ ರೌಂಡ್ಸಿಗೆ ಹೋದೆ. ಮೂತ್ರದ ಸೋಂಕು ಇತ್ತು, ಹಾಗಾಗಿ ಕೇಳಲೇಬೇಕಾದ ಪ್ರಶ್ನೆಗಳನ್ನು ಕೇಳಿದೆ. ಮುಟ್ಟು ಸರಿಯಾಗಿ ಆಗುತ್ತಾ, ಬಿಳಿ ಹೋಗುತ್ತಾ, ಉರಿ ಇದೆಯಾ. ಕೇಳಿದ್ದು ಆ ಹುಡುಗನನ್ನು. ಅವನು ಅಮ್ಮನ ಕಡೆ ನೋಡಿದ. ಅಮ್ಮ ತಲೆ ತಗ್ಗಿಸಿದರು. ನಾವು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಅವರ ಬಗ್ಗೆ ಚರ್ಚೆ ಮಾಡಿ ಮುಂದಿನ ಬೆಡ್ಡಿಗೆ ಹೋದೆವು. ಕೇಸ್ ಶೀಟಿನಲ್ಲಿ ಪಿಜಿ ವಿದ್ಯಾರ್ಥಿ ಒಂದು ಸಾಲು ಬರೆದಿದ್ದ. ರೋಗಿ ಕೊಟ್ಟ ವಿವರ ನಂಬುವಂತಿಲ್ಲ ಅಂತ. ಅದರ ಕೆಳಗೆ ನಾನು ಸಹಿ ಹಾಕಿದೆ.

ಮಧ್ಯಾಹ್ನ ಸಿಸ್ಟರ್ ಒಬ್ಬರು ನನ್ನನ್ನು ಡ್ಯೂಟಿ ರೂಮಿಗೆ ಕರೆದರು. ಅವರ ತಮ್ಮನಿಗೂ ಕಿವಿ ಕೇಳಿಸುವುದಿಲ್ಲ. "ಮೇಡಂ, ನೀವು ಹುಡುಗನ ಮುಖ ನೋಡಿ ಕೇಳ್ತಿದ್ರಿ. ಅವರಮ್ಮನ ಮುಖ ನೋಡಿ ಕೇಳಿ. ಮಾಸ್ಕ್ ತೆಗೀರಿ. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು" ಅಂದರು. ಇಬ್ಬರೂ ವಾಪಸ್ ಹೋದೆವು. ಹುಡುಗನನ್ನು ಬನ್ ತಿನ್ನೋಕೆ ಕಳಿಸಿದೆವು. ಕಾಗದದ ಮೇಲೆ ಸೂರ್ಯ, ಚಂದ್ರ, ತಟ್ಟೆ ಬರೆದೆವು. ಅರ್ಧ ಗಂಟೆಯಲ್ಲಿ ತಿಳಿದದ್ದು ಇಷ್ಟು: ಅವರು ಮೂರು ತಿಂಗಳಿಂದ ದಿನಕ್ಕೆ ಒಂದೇ ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಬೇಕಿದ್ದದ್ದು ಎರಡು ಸಲ. ಹಿಂದೆ ಯಾರೋ ಹುಡುಗನಿಗೆ ಹೇಳಿದ್ದರು, ಹುಡುಗ ತನಗೆ ಅರ್ಥವಾದಷ್ಟನ್ನು ಅಮ್ಮನಿಗೆ ಹೇಳಿದ್ದ.

ಆ ತಾಯಿಯ ವಿವರ ನಂಬುವಂತೆಯೇ ಇತ್ತು. ಕೇಳುವುದಕ್ಕೆ ನನಗೆ ಬಂದಿರಲಿಲ್ಲ.

ಆದರೆ ನನಗೆ ನಿದ್ದೆ ಕೆಡಿಸಿದ್ದು ಬೇರೆ. ಬೆಳಗ್ಗೆ ನನ್ನ ಜೊತೆಗಿದ್ದ ವಿದ್ಯಾರ್ಥಿಗಳು ಮಧ್ಯಾಹ್ನ ಇರಲಿಲ್ಲ. ಅವರು ನೋಡಿದ್ದು ಬೆಳಗಿನದ್ದನ್ನು ಮಾತ್ರ. ಈಗ ಅವರೆಲ್ಲ ಡಾಕ್ಟರಾಗಿದ್ದಾರೆ, ಯಾವ್ಯಾವುದೋ ಊರಿನಲ್ಲಿದ್ದಾರೆ. ಪಾಠದ ಪುಸ್ತಕದಲ್ಲಿ ಓದಿದ್ದು ಪರೀಕ್ಷೆಯವರೆಗೆ ಇರುತ್ತದೆ. ಬೆಡ್ ಪಕ್ಕ ಮೇಷ್ಟ್ರು ಹೇಗೆ ನಿಂತರು, ಯಾರನ್ನು ನೋಡಿ ಮಾತಾಡಿದರು ಅನ್ನುವುದು ಕೊನೆಯವರೆಗೂ ಇರುತ್ತದೆ. ನಾನೂ ಹಾಗೆ ನನ್ನ ಮೇಷ್ಟ್ರುಗಳಿಂದ ಕಲಿತವಳೇ.

ನಮ್ಮ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ದೇಶದ ಮೂಲೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಕಿವಿ ಪರೀಕ್ಷೆಗೆ ನಾನು ಅಲ್ಲಿಗೆ ಎಷ್ಟೋ ಚೀಟಿ ಬರೆದು ಕಳಿಸಿದ್ದೇನೆ. ಕಿವಿ ಕೇಳಿಸದವರ ಹತ್ತಿರ ಹೇಗೆ ಮಾತಾಡಬೇಕು ಅಂತ ಕಲಿಯೋಕೆ ನಾನಂತೂ ಒಂದು ದಿನವೂ ಆ ಗೇಟು ದಾಟಿರಲಿಲ್ಲ.

ಆ ಘಟನೆ ಆದ ಮೇಲೆ ನಾವು ಐದಾರು ಜನ ಅಧ್ಯಾಪಕರು ಪ್ರತಿ ಗುರುವಾರ ಮಧ್ಯಾಹ್ನ ಒಂದು ಗಂಟೆ ಹೊತ್ತು ಕೂತು ಮಾತಾಡಲು ಶುರು ಮಾಡಿದೆವು. ಮೊದಲ ವಾರ ಮಾತಾಡಿದ್ದು ಆ ಸಿಸ್ಟರ್. ಪಿಪಿಟಿ ಇಲ್ಲ, ಅತಿಥಿಗಳಿಗೆ ಹಾರ ಇಲ್ಲ. ಕ್ಯಾಂಟೀನಿನ ಟೀ, ಮಾತು, ಅಷ್ಟೇ.

ಎರಡನೇ ವಾರ ಒಬ್ಬ ಸಹೋದ್ಯೋಗಿ ತಮ್ಮ ಕಾಲಿನ ಬಗ್ಗೆ ಮಾತಾಡಿದರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಲಿಫ್ಟ್ ಕೆಟ್ಟಾಗಲೆಲ್ಲ ಮೂರನೇ ಮಹಡಿಗೆ ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ) ಹಾಕಿಕೊಂಡೇ ಹತ್ತುತ್ತಿದ್ದರು. ಹನ್ನೆರಡು ವರ್ಷ! ಕ್ಲಾಸ್ ಕೆಳಗಿನ ಮಹಡಿಗೆ ಹಾಕಿ ಅಂತ ಅವರು ಕೇಳಲಿಲ್ಲ, ಬೇಕಾ ಅಂತ ನಾವೂ ಕೇಳಲಿಲ್ಲ. ಅಂಗವೈಕಲ್ಯದ ಶೇಕಡಾವಾರು ಒಂದನ್ನೇ ನೋಡಿ ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿತು. ಹಾಗೆ ಸೀಟು ಪಡೆದು ಬರುವ ಹುಡುಗ ಹುಡುಗಿಯರಿಗೆ ಕಲಿಸಬೇಕಾದವರು ನಾವು. ಜೊತೆಗಿದ್ದವರ ಕಷ್ಟವೇ ಹನ್ನೆರಡು ವರ್ಷ ನಮ್ಮ ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ವಾರ ಹೆಗ್ಗಡದೇವನಕೋಟೆಯ ಹಾಡಿಯಿಂದ, ಅಂದರೆ ಬುಡಕಟ್ಟು ಜನರ ಊರಿನಿಂದ, ಒಬ್ಬ ಆಶಾ ಕಾರ್ಯಕರ್ತೆ ಬಂದಿದ್ದರು. ಜೇನುಕುರುಬರ ಹೆಣ್ಣುಮಗಳು. ಮಾತಾಡಿದ್ದು ಸಿಕಲ್ ಸೆಲ್ ರಕ್ತಹೀನತೆ ಇದ್ದವರ ಬಗ್ಗೆ. ಅವರಿಗೆ ಮೂಳೆ, ಸಂದುಗಳಲ್ಲಿ ತಡೆಯಲಾಗದ ನೋವು ಬರುತ್ತದೆ. ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಬರುವ ನೋವು ಅದು. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತೇನೆ. ಆಕೆ ಹೇಳಿದ್ದು: "ನೋವು ಅಂತ ರಾತ್ರಿ ಕರ್ಕೊಂಡು ಬಂದ್ರೆ, ಮೊದಲು ಕೇಳೋದೇ ಕುಡಿದಿದ್ದಾನಾ ಅಂತ." ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ಒಬ್ಬಿಬ್ಬರು ಆ ಪ್ರಶ್ನೆ ಕೇಳಿದವರೇ ಇದ್ದರು.

2047ರ ಹೊತ್ತಿಗೆ ಈ ಕಾಯಿಲೆ ಇಲ್ಲದಂತೆ ಮಾಡಬೇಕು ಅಂತ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಒಂದು ಅಭಿಯಾನ ಶುರು ಮಾಡಿತು. ಏಳು ಕೋಟಿ ಜನರ ರಕ್ತ ಪರೀಕ್ಷೆಯ ಗುರಿ. ಒಳ್ಳೆಯದೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ, ಸಿಕಲ್ ಸೆಲ್ ಅದರಲ್ಲಿ ಒಂದು. ಅಂದು ಅಲ್ಲಿದ್ದ ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅದೇ ಕಾಯ್ದೆಯ 47ನೇ ಸೆಕ್ಷನ್, ಡಾಕ್ಟರು, ನರ್ಸುಗಳ ಓದಿನಲ್ಲಿ ವೈಕಲ್ಯದ ವಿಷಯ ಇರಲೇಬೇಕು ಅನ್ನುತ್ತದೆ. ಓದಿಸಬೇಕಾದವರೇ ಓದದಿದ್ದರೆ ಹೇಗೆ?

ಮಂಡ್ಯದ ಆಲೆಮನೆಯ ವಿಷಯ ನಿಮಗೂ ನೆನಪಿರಬೇಕು. 2023ರ ಕೊನೆಯಲ್ಲಿ ಬಯಲಾಯಿತು. ಬೆಲ್ಲ ಮಾಡುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೆಣ್ಣು ಅಂತ ಗೊತ್ತಾದ ಭ್ರೂಣಗಳನ್ನು ತೆಗೆಸುತ್ತಿದ್ದರು. ಲಿಂಗ ಪತ್ತೆ ತಡೆಯುವ ಕಾಯ್ದೆ ಬಂದದ್ದು 1994ರಲ್ಲಿ. ಅಂದು ಬಂಧನವಾದವರಲ್ಲಿ ಡಾಕ್ಟರೂ ಇದ್ದರು. ಡಾಕ್ಟರು ಅಂದ ಮೇಲೆ ಯಾವುದೋ ಕಾಲೇಜಿನಲ್ಲಿ ಓದಿದವರು, ನಮ್ಮಂಥವರೇ ಪಾಠ ಹೇಳಿದ್ದು. ಇದನ್ನು ಮಾತಾಡಿದ ಗುರುವಾರ ನಮಗೆ ಒಂದೇ ಗಂಟೆಯಲ್ಲಿ ಮುಗಿಸಲಾಗಲಿಲ್ಲ. ಕಾಯ್ದೆಯ ಸೆಕ್ಷನ್ನುಗಳನ್ನು ಬಾಯಿಪಾಠ ಮಾಡಿಸುತ್ತೇವೆ. "ಎರಡೂ ಹೆಣ್ಣಾಯ್ತಲ್ಲಮ್ಮ, ಪಾಪ" ಅಂತ ಹೆರಿಗೆ ವಾರ್ಡಿನಲ್ಲಿ ನಮ್ಮ ಬಾಯಿಂದಲೇ ಬರುವ ಮಾತನ್ನು ಯಾರು ತಿದ್ದುತ್ತಾರೆ? ವಿದ್ಯಾರ್ಥಿಗಳು ಅದನ್ನೂ ಕೇಳಿಸಿಕೊಂಡಿರುತ್ತಾರೆ.

ಈ ಗುರುವಾರದ ಮಾತು ಏಳು ತಿಂಗಳು ನಡೆಯಿತು. ಆಮೇಲೆ ನಿಂತುಹೋಯಿತು. ಯಾರೂ ನಿಲ್ಲಿಸಲಿಲ್ಲ. ಸುಮ್ನೆ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಒಬ್ಬರಿಗೆ ಓಪಿಡಿ, ಒಬ್ಬರಿಗೆ ಇನ್‌ಸ್ಪೆಕ್ಷನ್ ಕೆಲಸ, ಒಬ್ಬರಿಗೆ ಪರೀಕ್ಷೆ ಡ್ಯೂಟಿ. ಹೊಸದಾಗಿ ಸೇರಿದ ಒಬ್ಬರು ಕೇಳಿದರು, "ಮೇಡಂ, ಇದಕ್ಕೆ ಸರ್ಟಿಫಿಕೇಟ್ ಕೊಡ್ತಾರಾ?" ಅವರದ್ದು ತಪ್ಪು ಅನ್ನಲಾರೆ. ಬಡ್ತಿಗೆ ಲೆಕ್ಕಕ್ಕೆ ಬರುವುದು ವೈದ್ಯಕೀಯ ಶಿಕ್ಷಣದ ಬೇಸಿಕ್ ಕೋರ್ಸ್, ಸಂಶೋಧನೆಯ ಆನ್‌ಲೈನ್ ಕೋರ್ಸ್, ಪ್ರಕಟವಾದ ಲೇಖನಗಳು. ಅವೆಲ್ಲ ಬೇಡ ಅನ್ನುತ್ತಿಲ್ಲ. ಪಾಠದ ಯೋಜನೆ ಹೇಗೆ ಬರೆಯಬೇಕು, ಪ್ರಶ್ನೆಪತ್ರಿಕೆ ಹೇಗೆ ಮಾಡಬೇಕು ಅಂತ ನಾನು ಕಲಿತದ್ದು ಆ ತರಬೇತಿಯಲ್ಲೇ. ಆದರೆ ಬೆಡ್ಡಿನಲ್ಲಿ ಮಲಗಿರುವವರು ಅಲ್ಲಿಗೆ ಬಂದು ಮಾತಾಡಲಿಲ್ಲ.

ಪಠ್ಯಕ್ರಮ ಬದಲಾಗಿದೆಯಲ್ಲ ಅಂತ ಯಾರಾದರೂ ನಿಮಗೆ ಹೇಳಬಹುದು. ಹೌದು, 2019ರಿಂದ ಹೊಸ ಪಠ್ಯಕ್ರಮ ಬಂತು. ನಡತೆ, ನೀತಿ, ಸಂವಹನಕ್ಕೆ ಪ್ರತ್ಯೇಕ ಪಾಠಗಳು ಬಂದವು. ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ಗಮನಿಸುತ್ತಿದ್ದಾರೆ. ಆದರೆ ಕಾಗದ ಎಷ್ಟು ಬೇಗ ಹಿಂದಕ್ಕೆ ಜಾರುತ್ತದೆ ಅಂತ 2024ರಲ್ಲಿ ನೋಡಿದೆವು. ಆಗಸ್ಟ್ ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಲಿಂಗ ಸಂಬಂಧವನ್ನು ಮತ್ತೆ ಅಸಹಜ ಅಪರಾಧಗಳ ಪಟ್ಟಿಗೆ ಸೇರಿಸಲಾಗಿತ್ತು. ಒಪ್ಪಿ ಕೂಡುವ ವಯಸ್ಕರ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ಜನ ವಿರೋಧಿಸಿದ ಮೇಲೆ ಸೆಪ್ಟೆಂಬರಿನಲ್ಲಿ ಆ ಮಾರ್ಗಸೂಚಿಯನ್ನು ವಾಪಸ್ ಪಡೆದರು. ಬರೆದವರೂ ಅಧ್ಯಾಪಕರೇ ಇದ್ದಿರಬೇಕು ಅಲ್ವಾ? ಟ್ರಾನ್ಸ್‌ಜೆಂಡರ್ ಹೆಣ್ಣುಮಗಳೊಬ್ಬಳು ಜ್ವರ ಅಂತ ಬಂದರೆ ಗಂಡಸರ ವಾರ್ಡಿಗೋ ಹೆಂಗಸರ ವಾರ್ಡಿಗೋ ಅಂತ ಸ್ಟ್ರೆಚರ್ ಬಾಗಿಲಲ್ಲಿ ನಿಂತಾಗ ಮಾರ್ಗಸೂಚಿ ತೆಗೆದು ಓದುವವರು ಯಾರೂ ಇಲ್ಲ. ಮೊದಲೇ ಒಮ್ಮೆ ಕೂತು ಮಾತಾಡಿದ್ದರೆ ಉತ್ತರ ಬಾಯಲ್ಲಿರುತ್ತದೆ.

ದೆಹಲಿಯ ಆಯೋಗವನ್ನು ತಿದ್ದಿ ಅಂತ ನಾನು ನಿಮ್ಮನ್ನು ಕೇಳುತ್ತಿಲ್ಲ. ನಿಮ್ಮ ಇಲಾಖೆಯ ಒಂದು ಆದೇಶ ಸಾಕು. ತಿಂಗಳಿಗೆ ಎರಡು ಗಂಟೆ, ಅಧ್ಯಾಪಕರ ಚರ್ಚೆಗೆ ಅಂತ ಕೆಲಸದ ವೇಳೆಯಲ್ಲೇ ಮೀಸಲಿಡಿ. ಮೊದಲ ವರ್ಷ ಮೈಸೂರು ವೈದ್ಯಕೀಯ ಕಾಲೇಜು, ಮಂಡ್ಯದ ವೈದ್ಯಕೀಯ ಕಾಲೇಜು (ಮಿಮ್ಸ್) ಎರಡರಲ್ಲೇ ಶುರು ಮಾಡಿ ನೋಡಿ. ಸಮುದಾಯ ವೈದ್ಯಶಾಸ್ತ್ರ ವಿಭಾಗದವರು ನೋಡಿಕೊಳ್ಳಲಿ ಅಂತ ಮಾತ್ರ ಬಿಡಬೇಡಿ. ಸರ್ಜರಿಯವರು, ಮೂಳೆ ವಿಭಾಗದವರು, ಹೆರಿಗೆ ವಿಭಾಗದವರು ಬರಲೇಬೇಕು. ಸಿಸ್ಟರ್‌ಗಳೂ ಬರಬೇಕು, ಕೇಳುವುದಕ್ಕೆ ಮಾತ್ರ ಅಲ್ಲ, ಹೇಳುವುದಕ್ಕೆ. ವೈದ್ಯರ ಮುಂದುವರಿದ ಕಲಿಕೆಗೆ ಕರ್ನಾಟಕ ವೈದ್ಯಕೀಯ ಪರಿಷತ್ತು ಕೊಡುವ ಕ್ರೆಡಿಟ್ ಅಂಕ ಇದಕ್ಕೂ ಸಿಗುವಂತೆ ಮಾಡಿದರೆ ಆ ಹೊಸ ಅಧ್ಯಾಪಕರ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಚರ್ಚೆ ಕನ್ನಡದಲ್ಲಿ ಇರಲಿ. ಇದನ್ನು ಅಭಿಮಾನದಿಂದ ಹೇಳುತ್ತಿಲ್ಲ. ಹಾಡಿಯ ಹೆಣ್ಣುಮಗಳು ಮಾತಾಡಿದ ಮೇಲೆ ನಾವು ಇಂಗ್ಲಿಷಿನಲ್ಲಿ ಚರ್ಚೆ ಶುರು ಮಾಡಿದರೆ, ಆ ತಾಯಿಯ ಬೆಡ್ ಪಕ್ಕ ನಾನು ಮಾಡಿದ್ದನ್ನೇ ಮತ್ತೆ ಮಾಡಿದಂತಾಗುತ್ತದೆ.

ದಯವಿಟ್ಟು ಬ್ಯಾನರ್ ಕಟ್ಟಿ ಫೋಟೋ ಕಳಿಸಿ ಅಂತ ಸುತ್ತೋಲೆ ಬೇಡ. ವರದಿ ಬೇಕೇ ಬೇಕು ಅಂದರೆ ಪ್ರತಿ ವಿಭಾಗದಿಂದ ವರ್ಷಕ್ಕೆ ಒಂದು ಪುಟ ತರಿಸಿಕೊಳ್ಳಿ. ನಮ್ಮ ವಾರ್ಡಿನಲ್ಲಿ ಈ ವರ್ಷ ಏನು ಬದಲಾಯಿಸಿದೆವು ಅಂತ. ನಮ್ಮ ಏಳು ತಿಂಗಳಲ್ಲಿ ಬದಲಾದದ್ದು ಮೂರು. ಆ ಸಹೋದ್ಯೋಗಿಯ ಕ್ಲಾಸ್ ಕೆಳಗಿನ ಮಹಡಿಗೆ ಬಂತು. ಇನ್ಸುಲಿನ್ ಹೇಳಿಕೊಡೋಕೆ ಸೂರ್ಯ ಚಂದ್ರರ ಚಿತ್ರದ ಹಾಳೆ ಬಂತು. ರೋಗಿಯ ಮಕ್ಕಳಿಂದ ದೊಡ್ಡವರ ವಿಷಯ ಕೇಳಬಾರದು ಅಂತ ನಮ್ಮ ಯೂನಿಟ್ಟಿನಲ್ಲಿ ನಿಯಮ ಆಯಿತು. ಗುರುವಾರದ ಮಾತು ನಿಂತರೂ ಈ ಮೂರೂ ಉಳಿದಿವೆ.

ಇದೇ ನೆಲದಲ್ಲಿ ಇಂಥ ಕಾಳಜಿ ಹೊಸದೂ ಅಲ್ಲ. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕ್ಷಯರೋಗ ಆಸ್ಪತ್ರೆ ಕಟ್ಟಿದ ಊರು ಇದು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆ ಕಟ್ಟಿಕೊಂಡು ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಹೋದರು. ಅವರು ಹಾಡಿಗೇ ಹೋಗಿ ಕಲಿತರು. ನಾವು ಕೇಳುತ್ತಿರುವುದು ತಿಂಗಳಿಗೆ ಎರಡು ಗಂಟೆ.

ಕೊನೆಗೆ ಒಂದು ಸಣ್ಣ ವಿಷಯ ಇದೆ, ಆದೇಶದಲ್ಲಿ ಬಿಟ್ಟುಹೋಗುವುದು ಇಂಥದ್ದೇ. ಆ ಆಶಾ ಕಾರ್ಯಕರ್ತೆ ನಮ್ಮಲ್ಲಿಗೆ ಬರಲು ಒಂದು ದಿನದ ಕೆಲಸ ಬಿಟ್ಟಿದ್ದರು. ಬಸ್ ಚಾರ್ಜ್, ಊಟದ ದುಡ್ಡು ನಾವೇ ಒಟ್ಟು ಮಾಡಿ ಕೊಟ್ಟೆವು. ಬೆಂಗಳೂರಿನಿಂದ ಬರುವ ಪ್ರೊಫೆಸರಿಗೆ ಗೌರವಧನ, ಪ್ರಯಾಣ ಭತ್ಯೆ ಕೊಡಲು ಕಾಲೇಜಿನಲ್ಲಿ ದಾರಿ ಇದೆ, ಅವರಿಗೆ ಕೊಡಲು ಇರಲಿಲ್ಲ. ಅವರೂ ಅಂದು ನಮಗೆ ಪಾಠ ಹೇಳಿದವರೇ. ಅವರಿಗೂ ಅಷ್ಟೇ ಗೌರವಧನ ಕೊಡಬೇಕು ಅಂತಲೂ, ಅದನ್ನು ಯಾವ ಲೆಕ್ಕ ಶೀರ್ಷಿಕೆಯಲ್ಲಿ ಹಾಕಬೇಕು ಅಂತಲೂ ಆದೇಶದಲ್ಲೇ ಬರೆಸಿ.

ಇಂತಿ ತಮ್ಮ ವಿಶ್ವಾಸಿ,
ಜನರಲ್ ಮೆಡಿಸಿನ್ ವಿಭಾಗದ ಒಬ್ಬ ಅಧ್ಯಾಪಕಿ,
ಮೈಸೂರು