ದೂರು ಪತ್ರ: ಬೋಲ್ಟ್ ತೂತು ಕೂತರೆ ವೀಲ್ ಹೊಂದಿತು ಎಂದಲ್ಲ

ಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಿಗೆ

ವಿಷಯ: ನನ್ನ ಕಾರಿಗೆ ಹೊಂದದ ಅಲಾಯ್ ವೀಲ್ ಮತ್ತು ಟೈರ್ ಕಳಿಸಿರುವ ಬಗ್ಗೆ, ಪೂರ್ತಿ ಹಣ ವಾಪಸ್ ಕೋರಿ

ಮಾನ್ಯರೇ,

ನಿಮ್ಮ ವೆಬ್‌ಸೈಟ್‌ನಲ್ಲಿ ಕಾರಿನ ಮಾಡೆಲ್, ವರ್ಷ, ವೇರಿಯಂಟ್ ಎಲ್ಲ ತುಂಬಿದೆ. "ನಿಮ್ಮ ಕಾರಿಗೆ ಖಂಡಿತ ಹೊಂದುತ್ತದೆ" ಎಂದು ಬಂತು. ಆಮೇಲೆಯೇ ನಾಲ್ಕು 17 ಇಂಚಿನ ಅಲಾಯ್ ವೀಲ್‌ಗಳನ್ನು ಟೈರ್ ಸಮೇತ ತರಿಸಿಕೊಂಡೆ. ಆರ್ಡರ್ ಜೊತೆಗೆ ಹಳೆಯ ಟೈರಿನ ಅಳತೆಯನ್ನೂ ಬರೆದಿದ್ದೆ: 195/65 ಆರ್15 91ಎಚ್. ಅಂದರೆ ಸರಿಯಾದುದನ್ನು ಆರಿಸಲು ಬೇಕಾದ ಮಾಹಿತಿ ಎಲ್ಲವೂ ನಿಮ್ಮ ಕೈಯಲ್ಲಿತ್ತು.

ವೀಲ್ ಹಾಕಿಸಿದ ದಿನದಿಂದಲೇ ತೊಂದರೆ ಶುರು. ಸ್ವಲ್ಪ ವೇಗ ಹಿಡಿದರೆ ಸಾಕು, ಸ್ಟೀರಿಂಗ್ ಅದುರುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು ಒಂದು ಹಂಪ್ ದಾಟಿದರೆ ಟೈರ್ ಫೆಂಡರ್‌ಗೆ ಉಜ್ಜುವ ಸದ್ದು. ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿದೆ. ಮಷೀನ್ ಮೇಲೆ ನಾಲ್ಕೂ ವೀಲ್ ಸೊನ್ನೆ ತೋರಿಸಿದವು, ಕಾರಿಗೆ ಹಾಕಿದರೆ ಮತ್ತೆ ಅದೇ ಅದುರಾಟ.

ಕಾರಣ ಅಳತೆಗಳಲ್ಲೇ ಇದೆ. ನನ್ನ ಕಾರಿನ ಹಬ್, ಅಂದರೆ ವೀಲಿನ ನಡುವಿನ ತೂತು ಕೂರುವ ಗುಂಡನೆಯ ಭಾಗ, 64.1 ಮಿ.ಮೀ. ನೀವು ಕಳಿಸಿದ ವೀಲಿನ ನಡುವಿನ ತೂತು 73.1 ಮಿ.ಮೀ. ಒಂದೇ ವೀಲನ್ನು ಬೇರೆ ಬೇರೆ ಕಾರುಗಳಿಗೆ ಮಾರಲು ತೂತು ದೊಡ್ಡದಾಗಿ ಮಾಡುತ್ತಾರೆ, ಅದು ತಪ್ಪೇನಲ್ಲ. ಆದರೆ ಉಳಿದ 9 ಮಿ.ಮೀ. ತುಂಬಲು ಹಬ್ ರಿಂಗ್ ಕೊಡಬೇಕು ಅಲ್ವಾ? ಪೆಟ್ಟಿಗೆಯಲ್ಲಿ ರಿಂಗ್ ಇರಲೇ ಇಲ್ಲ. ಬ್ಯಾಲೆನ್ಸಿಂಗ್ ಮಷೀನ್ ವೀಲನ್ನು ಅದರ ನಡುವಿನ ತೂತಿನಿಂದ ಹಿಡಿಯುತ್ತದೆ, ಹಾಗಾಗಿ ಅಲ್ಲಿ ಎಲ್ಲ ಸರಿ ಕಾಣುತ್ತದೆ. ಕಾರಿನಲ್ಲಿ ರಿಂಗ್ ಇಲ್ಲದಿದ್ದರೆ ವೀಲನ್ನು ನಟ್ಟನಡುವೆ ನಿಲ್ಲಿಸುವ ಕೆಲಸ ನಟ್‌ಗಳ ಮೇಲೆ ಬೀಳುತ್ತದೆ.

ಆ ನಟ್‌ಗಳ ವಿಷಯವೇ ನನಗೆ ಜಾಸ್ತಿ ಭಯ ತಂದದ್ದು. ನನ್ನ ಕಾರಿನ ನಟ್‌ನ ತುದಿ ಗುಂಡಗಿದೆ. ನಿಮ್ಮ ವೀಲಿನ ಸೀಟ್, ಅಂದರೆ ನಟ್ ಕೂರುವ ಕುಳಿ, 60 ಡಿಗ್ರಿಯ ಶಂಕುವಿನ ಆಕಾರದ್ದು. ಮೆಕಾನಿಕ್ ವೀಲ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ ನನಗೆ ತೋರಿಸಿದರು: ಸೀಟಿನ ಸುತ್ತ ಕೂದಲೆಳೆಯಷ್ಟು ಅಗಲದ ಒಂದು ಹೊಳೆಯುವ ಗೆರೆ. ನಟ್ ಮತ್ತು ವೀಲ್ ಮುಟ್ಟಿದ್ದು ಅಷ್ಟೇ ಜಾಗದಲ್ಲಿ. ಉಳಿದ ಕಡೆ ಬಣ್ಣ ಕೂಡ ಮಾಸಿರಲಿಲ್ಲ. ಹೀಗೆ ಕೂತ ನಟ್ ಓಡಾಟದಲ್ಲಿ ಸಡಿಲವಾಗುತ್ತದೆ. ನನ್ನ ಕಾರಿನಲ್ಲಿ ಎರಡು ನಟ್ ಆಗಲೇ ಸಡಿಲವಾಗಿದ್ದವು. ಓಡುವ ಕಾರಿನಿಂದ ವೀಲ್ ಕಳಚಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ವೀಲ್ ಜೊತೆ ಅದಕ್ಕೆ ತಕ್ಕ ನಟ್ ಕಳಿಸಬೇಕಿತ್ತು, ಕಡೇಪಕ್ಷ ಬೇರೆ ನಟ್ ಬೇಕು ಎಂದು ಒಂದು ಸಾಲು ಬರೆಯಬೇಕಿತ್ತು.

ಇನ್ನು ಉಜ್ಜುವ ಸದ್ದು. ಹಳೆಯ ವೀಲ್ 6ಜೆ (6 ಇಂಚು) ಅಗಲ, ಆಫ್‌ಸೆಟ್ (ವೀಲಿನ ಅಗಲದ ನಡುಗೆರೆಯಿಂದ ಅದು ಹಬ್‌ಗೆ ತಾಗುವ ಮುಖಕ್ಕಿರುವ ದೂರ; ಕಡಿಮೆಯಾದಷ್ಟೂ ವೀಲ್ ಹೊರಗೆ ಬರುತ್ತದೆ) 45 ಮಿ.ಮೀ. ನಿಮ್ಮದು 7ಜೆ, ಆಫ್‌ಸೆಟ್ 35. ಅಗಲ ಒಂದಿಂಚು ಹೆಚ್ಚಾದಾಗ ಹೊರಗಡೆಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಆಫ್‌ಸೆಟ್ ಕಡಿಮೆಯಾದದ್ದಕ್ಕೆ ಇನ್ನೂ 10. ಒಟ್ಟು ಸುಮಾರು 23 ಮಿ.ಮೀ. ವೀಲ್ ಹೊರಗೆ ಬಂದಿದೆ. ಇದು ಕೂಡಿ ಕಳೆಯುವ ಲೆಕ್ಕ ಅಷ್ಟೇ, ಮಾರುವ ಮುಂಚೆಯೇ ಮಾಡಬಹುದಿತ್ತು. ಈಗ ಹಿಂದಿನ ಎರಡೂ ಟೈರಿನ ಹೊರ ಅಂಚು ಸವೆದು ಒರಟಾಗಿದೆ.

ಟೈರ್‌ನ ಎತ್ತರದ ಬಗ್ಗೆ ನನ್ನ ದೂರಿಲ್ಲ. ನೀವು ಕಳಿಸಿದ 215/45 ಆರ್17 ಹಳೆಯ ಟೈರಿಗಿಂತ ಒಂದೂವರೆ ಶೇಕಡಾದಷ್ಟು ಮಾತ್ರ ಚಿಕ್ಕದು, ಸ್ಪೀಡೋಮೀಟರ್ ಹೆಚ್ಚುಕಮ್ಮಿ ಸರಿಯಾಗೇ ತೋರಿಸುತ್ತದೆ. ಆದರೆ ಲೋಡ್ ಇಂಡೆಕ್ಸ್ 87 ಯಾಕೆ? ಹಳೆಯದು 91, ಒಂದು ಟೈರ್ 615 ಕೆ.ಜಿ. ಹೊರುತ್ತದೆ. 87 ಅಂದರೆ 545 ಕೆ.ಜಿ. ಒಂದೊಂದು ಟೈರಿನಲ್ಲೂ 70 ಕೆ.ಜಿ. ಕಡಿಮೆ. ಇದೇ ಅಳತೆಯಲ್ಲಿ 91 ಇರುವ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ) ಟೈರ್ ಸಿಗುತ್ತದೆ. ಅದನ್ನು ಬಿಟ್ಟು ಇದನ್ನು ಕಳಿಸಿದ್ದಕ್ಕೆ ನಿಮ್ಮವರಿಂದ ಇವತ್ತಿಗೂ ಉತ್ತರ ಬಂದಿಲ್ಲ.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ ಹೇಳಿದ್ದು: "5×114.3 ಪಿಸಿಡಿ ಸರಿಯಾಗಿದೆ, ಬೋಲ್ಟ್ ಕೂತಿದೆ, ಅಂದಮೇಲೆ ವೀಲ್ ಹೊಂದಿದೆ." ಪಿಸಿಡಿ ಅಂದರೆ ಬೋಲ್ಟ್ ತೂತುಗಳು ಇರುವ ವೃತ್ತದ ಅಳತೆ: ಐದು ತೂತು, 114.3 ಮಿ.ಮೀ. ವೃತ್ತ. ಸಿಬ್ಬಂದಿಯ ಈ ಮಾತನ್ನು ನಾನು ಒಪ್ಪುವುದಿಲ್ಲ. ಪಿಸಿಡಿ ಸರಿಯಿಲ್ಲದಿದ್ದರೆ ವೀಲ್ ಹಾಕಲಿಕ್ಕೇ ಆಗುತ್ತಿರಲಿಲ್ಲ, ಗ್ರಾಹಕರಿಗೆ ಆಗಲೇ ಗೊತ್ತಾಗುತ್ತಿತ್ತು. ಉಳಿದ ಅಳತೆಗಳು ತಪ್ಪಿದರೆ ಗೊತ್ತಾಗುವುದು ರಸ್ತೆಗೆ ಇಳಿದ ಮೇಲೆ. ಅದಕ್ಕೇ ಅವನ್ನು ಮೊದಲೇ ನೋಡಬೇಕಾದದ್ದು.

"ಟೈರ್ ಹಾಕಿದ ವೀಲ್ ವಾಪಸ್ ತಗೊಳ್ಳಲ್ಲ" ಎಂದೂ ಹೇಳಿದರು. ಟೈರ್ ಹಾಕಿ, ಗಾಳಿ ತುಂಬಿಸಿ, ಬ್ಯಾಲೆನ್ಸ್ ಮಾಡಿ ಕಳಿಸಿದ್ದು ನೀವೇ. ಹಾಗಿದ್ದಮೇಲೆ ಈ ನಿಯಮ ನನಗೆ ಹೇಗೆ ಅನ್ವಯಿಸುತ್ತದೆ? ಕೊನೆಗೆ ಹಬ್ ರಿಂಗ್ ಮತ್ತು ಸ್ಪೇಸರ್ ಉಚಿತವಾಗಿ ಕಳಿಸುತ್ತೇವೆ ಎಂದರು. ರಿಂಗ್ ಸರಿ. ಸ್ಪೇಸರ್ ಅಂದರೆ ಹಬ್ ಮತ್ತು ವೀಲಿನ ನಡುವೆ ಇಡುವ ಬಿಲ್ಲೆ, ಅದನ್ನು ಹಾಕಿದರೆ ಆಗಲೇ ಹೊರಗೆ ಬಂದಿರುವ ವೀಲ್ ಇನ್ನಷ್ಟು ಹೊರಗೆ ಬರುತ್ತದೆ. ತಾಂತ್ರಿಕ ಸಲಹೆ ಕೊಡುವವರಿಗೆ ಇಷ್ಟೂ ಗೊತ್ತಿಲ್ಲ ಅಂದರೆ ನಿಜವಾಗಿ ಬೇಸರವಾಗುತ್ತದೆ.

ನಾಲ್ಕೂ ವೀಲ್ ಟೈರ್ ಸಮೇತ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ಹಾಕಿಸಿದ, ಬಿಚ್ಚಿಸಿದ, ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಿದ ಖರ್ಚೂ ಅದರಲ್ಲಿ ಸೇರಬೇಕು, ಸಾಗಾಣಿಕೆ ನಿಮ್ಮದೇ. ವೆಬ್‌ಸೈಟ್‌ನಲ್ಲಿ ಪ್ರತಿ ವೀಲಿನ ಆಫ್‌ಸೆಟ್, ನಡುವಿನ ತೂತಿನ ಅಳತೆ, ನಟ್ ಸೀಟಿನ ಆಕಾರ, ಟೈರಿನ ಲೋಡ್ ಇಂಡೆಕ್ಸ್ ಇವೆಲ್ಲ ದುಡ್ಡು ಕಟ್ಟುವ ಮುಂಚೆಯೇ ಕಾಣಬೇಕು. ಎಲ್ಲಕ್ಕಿಂತ ತುರ್ತಾಗಿ, ನನ್ನದೇ ಮಾಡೆಲ್ ಕಾರಿಗೆ ಇದೇ ಸೆಟ್ ಕೊಂಡವರಿಗೆಲ್ಲ ಇವತ್ತೇ ಫೋನ್ ಮಾಡಿ ನಟ್ ಪರೀಕ್ಷಿಸಿಕೊಳ್ಳಲು ತಿಳಿಸಿ. ಅವರು ಸ್ಟೀರಿಂಗ್ ಅದುರುವುದನ್ನು ಬರೀ ಬ್ಯಾಲೆನ್ಸಿಂಗ್ ಸಮಸ್ಯೆ ಎಂದುಕೊಂಡು ಓಡಿಸುತ್ತಿರಬಹುದು.

ಹಳೆಯ ವೀಲ್‌ಗಳನ್ನೇ ಮತ್ತೆ ಹಾಕಿಸಿದ್ದೇನೆ. ನಿಮ್ಮ ಸೆಟ್ ಕಟ್ಟಿ ಇಟ್ಟಿದ್ದೇನೆ. ಉಜ್ಜಿದ ಟೈರ್, ನಟ್ ಸೀಟಿನ ಗುರುತು, ಅಳತೆ ತೆಗೆದ ಫೋಟೋಗಳು, ಬಿಲ್ ಮತ್ತು ಮೆಕಾನಿಕ್ ಬರೆದುಕೊಟ್ಟ ಚೀಟಿ ಈ ಪತ್ರದ ಜೊತೆಗಿವೆ. ಒಂದು ವಾರದೊಳಗೆ ಲಿಖಿತ ಉತ್ತರ ಬಾರದಿದ್ದರೆ ಇದೇ ದಾಖಲೆಗಳೊಂದಿಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ಸೆಟ್ ತೆಗೆದುಕೊಂಡು ಹೋಗಲು ಯಾವತ್ತು ಬರುತ್ತೀರಿ ಎಂದು ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ