ಪತಂಗಗಳು ಕಾಣೆಯಾದ ವರ್ಷ

ಪ್ರಿಯ ಗೆಳೆಯ,

ನಿನಗೆ ಖಾಸಗಿಯಾಗಿ ಬರೆದರೆ ಉತ್ತರ ಬರುವುದಿಲ್ಲವೆಂದು ಬಲ್ಲೆನಾದ್ದರಿಂದ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಮರ್ಯಾದೆಗೆ ಅಂಜಿಯಾದರೂ ನೀನು ಎರಡು ಸಾಲು ಗೀಚುವೆ ಎಂಬ ಆಸೆ. ಓದುವ ಇತರರು ಕ್ಷಮಿಸಬೇಕು. ಮೂರನೆಯ ಗೂಬೆಯ ವಿಚಾರವಾಗಲಿ, ಮೇಷ್ಟ್ರ ಕೊಡೆಯ ವಿಚಾರವಾಗಲಿ ಅವರಿಗೆ ತಿಳಿಯುವುದಿಲ್ಲ, ತಿಳಿಸುವ ಧೈರ್ಯ ನನಗೂ ಇಲ್ಲ.

ನಮ್ಮ ನಿಸರ್ಗಾಸಕ್ತರ ಕೂಟ ಇನ್ನೂ ಉಸಿರಾಡುತ್ತಿದೆ. ಭಾನುವಾರದ ನಡಿಗೆಗೆ ಮೊದಲಿಗಿಂತ ಹೆಚ್ಚು ಜನ ಬರುತ್ತಾರೆ: ಉದ್ದನೆಯ ಲೆನ್ಸ್ ಹೊತ್ತವರು ಮುಂದೆ, ಹುಲ್ಲಿನ ಜೇಡವೊಂದನ್ನು ಕಂಡು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಡುವವರು ಹಿಂದೆ, ನಡುವೆ ‘ಸದ್ದು ಮಾಡಬೇಡಿ’ ಎಂದು ಎಲ್ಲರಿಗಿಂತ ಜೋರಾಗಿ ಹೇಳುವವರು. ಗೂಡಿರುವ ಜಾಗವನ್ನು ವಾಟ್ಸಾಪ್ ಗುಂಪಿನಲ್ಲಿ ಪ್ರಕಟಿಸಬಾರದು, ಫೋನಿನಲ್ಲಿ ಕೂಗು ಹಚ್ಚಿ ಹಕ್ಕಿಯನ್ನು ಹತ್ತಿರ ಕರೆಯಬಾರದು ಎಂಬ ನಿಯಮಗಳ ಮೇಲೆ ವರ್ಷವರ್ಷವೂ ನಡೆಯುವ ಜಗಳ ಈ ಸಲವೂ ಸಾಂಗವಾಗಿ ನೆರವೇರಿತು. ಇಬ್ಬರು ಗುಂಪು ಬಿಟ್ಟರು, ಮರುದಿನ ಅವರೇ ಬುಲ್ಬುಲ್ ಮರಿಯ ಚಿತ್ರದೊಂದಿಗೆ ಮರಳಿದರು.

ವಿಷಯಕ್ಕೆ ಬರುತ್ತೇನೆ. ಕೂಟದ ಹಳೆಯ ವರದಿಗಳನ್ನೆಲ್ಲ ಸ್ಪ್ರೆಡ್‌ಶೀಟಿಗೆ ಇಳಿಸುವ ಕೆಲಸವನ್ನು ಕಾರ್ಯದರ್ಶಿಗಳು ನನ್ನ ತಲೆಗೆ ಕಟ್ಟಿದ್ದಾರೆ. ಇಷ್ಟು ವರ್ಷಗಳ ಬರಹ ಒಟ್ಟಾಗಿ ಕಣ್ಣೆದುರು ನಿಂತರೆ ಊರಿನ ಜೀವಿಗಳ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಎಂದು ನಾನೂ ಹಿಗ್ಗಿದ್ದೆ. ಬಿಚ್ಚಿಕೊಂಡದ್ದು ನಮ್ಮ ಕಥೆ. ನಮ್ಮ ದಾಖಲೆಯನ್ನು ನಂಬುವುದಾದರೆ ಹಕ್ಕಿಗಳು ಬದುಕುವುದು ಭಾನುವಾರ ಬೆಳಿಗ್ಗೆ ಮಾತ್ರ, ಅದೂ ಬಿಸಿಲೇರುವ ತನಕ. ಕಾಗೆ ಎಂದೋ ನಿರ್ವಂಶವಾಗಿರಬೇಕು, ಏಕೆಂದರೆ ಅದನ್ನು ಬರೆದುಕೊಳ್ಳಲು ಯಾರಿಗೂ ಪುರಸೊತ್ತಾಗಿಲ್ಲ. ಒಂದು ಮಳೆಗಾಲದಲ್ಲಿ ಕಪ್ಪೆಗಳ ಪ್ರಭೇದಗಳು ಇದ್ದಕ್ಕಿದ್ದಂತೆ ಹೆಚ್ಚಿದವು. ಅದಕ್ಕೆ ಮಳೆ ಕಾರಣವಲ್ಲ. ಕೂಗು ಕೇಳಿಯೇ ಕಪ್ಪೆಯನ್ನು ಗುರುತಿಸಬಲ್ಲ ಹುಡುಗಿಯೊಬ್ಬಳು ಆ ವರ್ಷ ಸದಸ್ಯೆಯಾದಳು, ಅಷ್ಟೆ.

ಇಷ್ಟರ ತನಕ ನಗುತ್ತಲೇ ಇದ್ದೆ. ಆಮೇಲೆ ಪತಂಗಗಳ ಹಾಳೆ ತೆರೆದೆ. ಜಗತ್ತಿನಲ್ಲಿ ಹೆಸರು ಪಡೆದ ಚಿಟ್ಟೆಗಳು ಸುಮಾರು 18,000, ಪತಂಗಗಳು ಸುಮಾರು 1,60,000 ಎಂದು ಹೊಸಬರ ಮುಂದೆಲ್ಲ ಹೇಳಿ, ಹಗಲಿನ ನಡಿಗೆಯವರನ್ನು ಹಂಗಿಸುತ್ತಿದ್ದೆಯಲ್ಲ, ಆ ನಿನ್ನ ಹಾಳೆ. ಬಿಳಿ ಬಟ್ಟೆ ಕಟ್ಟಿ, ಹಿಂದೆ ದೀಪವಿಟ್ಟು, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನೇ ಆರಿಸಿ ನೀನು ಬರೆದ ಸಾಲುಗಳು ಒತ್ತೊತ್ತಾಗಿವೆ. ನೀನು ಕೆಲಸದ ಮೇಲೆ ದೂರ ಹೋದ ವರ್ಷದಿಂದ ಒಂದು ಸಾಲೂ ಇಲ್ಲ. ಮುಂದೆಂದೋ ಈ ಕಡತ ತೆರೆಯುವ ಸಂಶೋಧಕನಿಗೆ ನಿನ್ನ ವರ್ಗಾವಣೆಯ ಆದೇಶ ಸಿಗುವುದಿಲ್ಲ. ಆ ವರ್ಷ ಇಲ್ಲಿನ ಪತಂಗಗಳೆಲ್ಲ ಸತ್ತವು ಎಂದೇ ಅವನು ಬರೆದುಕೊಂಡಾನು.

ಇದನ್ನು ನಗೆಚಾಟಿಕೆಯೆಂದು ಬದಿಗಿಡಲಾಗದು. ಜರ್ಮನಿಯ ಕ್ರೆಫೆಲ್ಡ್ ಊರಿನಲ್ಲಿ 1905ರಲ್ಲಿ ಹುಟ್ಟಿದ ಕೀಟಾಸಕ್ತರ ಸಂಘವೊಂದಿದೆ. ಬಹುಪಾಲು ನಮ್ಮಂತಹ ಹವ್ಯಾಸಿಗಳೇ ಇದ್ದ ಸಂಘ. ಅವರು 1989ರಿಂದ 63 ಸಂರಕ್ಷಿತ ಪ್ರದೇಶಗಳಲ್ಲಿ ಡೇರೆಯಂತಹ ಮಲೇಸ್ ಬಲೆಗಳನ್ನು ಒಂದೇ ಅಳತೆಯಲ್ಲಿ, ಒಂದೇ ವಿಧಾನದಲ್ಲಿ ಕಟ್ಟಿ, ಬಿದ್ದ ಕೀಟಗಳನ್ನು ಸೀಸೆಯಲ್ಲಿ ಕಾಪಿಟ್ಟು ತೂಗುತ್ತ ಹೋದರು. 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿದೆ ಎಂದು 2017ರಲ್ಲಿ ಪ್ರಕಟವಾದಾಗ ಜಗತ್ತೇ ತಿರುಗಿ ನೋಡಿತು. ಅವರ ದಾಖಲೆಗೆ ಆ ಬಲ ಬಂದದ್ದು ಅಪರೂಪದ ಕೀಟ ಸಿಕ್ಕಿದ್ದರಿಂದಲ್ಲ. ಯಾರು ಬಂದರೂ ಬಾರದಿದ್ದರೂ ಬಲೆ ಅದೇ ಬಲೆಯಾಗಿ ಉಳಿದದ್ದರಿಂದ. ನಮ್ಮಲ್ಲಿ ಬಲೆಯೇ ನೀನಾಗಿದ್ದೆ.

ಹಕ್ಕಿಗಳ ಮಟ್ಟಿಗೆ ಈ ತೊಡಕನ್ನು ಬುದ್ಧಿವಂತರು ಆಗಲೇ ಕಂಡುಕೊಂಡಿದ್ದಾರೆ. ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್, ಪಟ್ಟಿ ಸೇರಿಸುವಾಗ ಎಷ್ಟು ಹೊತ್ತು, ಎಷ್ಟು ದೂರ, ಎಷ್ಟು ಜನ ಎಂದು ಕೇಳಿ, ಕೊನೆಗೆ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂದು ವಿಚಾರಿಸುತ್ತದೆ. ಹೌದೆಂದರೆ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹಕ್ಕಿಗೂ ಒಂದು ಅರ್ಥ ಬರುತ್ತದೆ. ನಮ್ಮ ಕಡತಕ್ಕೂ ಇಂತಹ ಅಂಕಣಗಳು ಬೇಕೆಂದು ಸಭೆಯಲ್ಲಿ ಹೇಳಿದೆ. ದೀಪ ಹಚ್ಚದ ರಾತ್ರಿಗೆ ‘ಹಚ್ಚಲಿಲ್ಲ’ ಎಂದೇ ಬರೆಯೋಣ, ಖಾಲಿ ಬಿಡುವುದು ಬೇಡ ಎಂದೆ. ಎಲ್ಲರೂ ತಲೆಯಾಡಿಸಿದರು. ಹಿರಿಯರೊಬ್ಬರು ಮಾತ್ರ, ‘ದೀಪ ಈಗ ಯಾರ ಹತ್ತಿರ ಇದೆ?’ ಎಂದು ಕೇಳಿದರು.

ದೀಪ ನನ್ನ ಹತ್ತಿರವೇ ಇದೆ, ಗೆಳೆಯ. ಬಟ್ಟೆಯೂ ಇದೆ, ಅದರ ಮೇಲಿನ ನಿನ್ನ ಕಾಫಿಯ ಕಲೆಯೂ ಇದೆ. ಇದನ್ನು ಸಭೆಯಲ್ಲಿ ಹೇಳಲಿಲ್ಲ, ಇಲ್ಲಿ ಹೇಳುವ ಉದ್ದೇಶವೂ ಇರಲಿಲ್ಲ. ನೀನು ಹೋದ ಮೇಲೆಯೂ ನಾನು ಆಗಾಗ ತಾರಸಿಯಲ್ಲಿ ಬಟ್ಟೆ ಕಟ್ಟಿದ್ದೇನೆ. ಪತಂಗಗಳು ಬಂದಿವೆ, ಚೆನ್ನಾಗಿಯೇ ಬಂದಿವೆ. ಬರೆಯಲು ಮಾತ್ರ ಕೈ ಏಳಲಿಲ್ಲ. ಆ ಅಂಕಣದಲ್ಲಿ ನೋಡಿದವರ ಹೆಸರು ಎಂಬ ಜಾಗವಿದೆಯಲ್ಲ, ಅಲ್ಲಿ ನನ್ನ ಹೆಸರು ಹಾಕಿದ ಕ್ಷಣ ನೀನು ಮರಳಿ ಬರುವುದಿಲ್ಲವೆಂದು ಒಪ್ಪಿ ಸಹಿ ಹಾಕಿದಂತಾಗುತ್ತದೆ ಎನ್ನಿಸುತ್ತಿತ್ತು. ಇನ್ನೂ ನಿಜ ಹೇಳಬೇಕೆಂದರೆ, ನಾನು ಕೂಟಕ್ಕೆ ಬರುತ್ತಿದ್ದುದು ಪ್ರಕೃತಿಯ ಮೇಲಿನ ಪ್ರೀತಿಗೆ ಎಂದು ಸದಸ್ಯತ್ವದ ಅರ್ಜಿಯಲ್ಲಿ ಬರೆದಿದ್ದೆನಾದರೂ, ಒಂದೇ ದಿಕ್ಕಿನಲ್ಲಿ ನೋಡುತ್ತ, ಮಾತಾಡಬೇಕಾದ ಒತ್ತಾಯವಿಲ್ಲದೆ ಗಂಟೆಗಟ್ಟಲೆ ಪಕ್ಕದಲ್ಲಿ ಒಬ್ಬರು ನಿಂತಿರುವ ಸುಖ ನನಗೆ ಬೇರೆಲ್ಲೂ ದೊರಕಿರಲಿಲ್ಲ. ಈಗಿನ ನಡಿಗೆಗಳಲ್ಲಿ ನಾನು ಬೈನಾಕ್ಯುಲರ್ ಏರಿಸುವುದು ಹೆಚ್ಚಾಗಿ ಯಾರೊಂದಿಗೂ ಮಾತಾಡದೆ ಇರುವುದಕ್ಕೆ.

ಸಾಕು, ಸಾಕು. ಓದುಗರು ಕಣ್ಣೊರೆಸಿಕೊಳ್ಳುವ ಮೊದಲೇ ತಿಳಿಸಿಬಿಡುತ್ತೇನೆ: ನಾನು ಬರೆಯದಿರಲು ಇನ್ನೊಂದು ಕಾರಣವೂ ಇದೆ, ನನ್ನ ಕಣ್ಣಿಗೆ ಆ ಪತಂಗಗಳೆಲ್ಲ ಕಂದು ಬಣ್ಣದ ಒಂದೇ ಪತಂಗ. ಅಲ್ಲದೆ ನಿನ್ನ ಚಂದ್ರನ ಸಿದ್ಧಾಂತ ಸೋತಿದೆ, ಅದನ್ನು ನಿನಗೆ ತಿಳಿಸುವ ಸಂತೋಷವನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ. ಕೀಟಗಳು ದೀಪವನ್ನು ಚಂದ್ರನೆಂದು ಭ್ರಮಿಸಿ ಸುತ್ತುವುದಿಲ್ಲವಂತೆ. ಬೆಳಕಿರುವ ಆಕಾಶದ ಕಡೆಗೆ ಬೆನ್ನು ತಿರುಗಿಸಿ ಹಾರುವುದು ಅವುಗಳ ರೂಢಿ, ದೀಪದ ಬಳಿ ಬಂದಾಗ ಬೆನ್ನು ಅದರತ್ತ ವಾಲಿ ಹಾರಾಟ ಸೊಟ್ಟಗಾಗುತ್ತದೆ ಎಂದು ಅತಿವೇಗದ ಕ್ಯಾಮೆರಾಗಳಿಂದ ಚಿತ್ರಿಸಿ 2024ರಲ್ಲಿ ಪ್ರಕಟಿಸಿದ್ದಾರೆ. ಅವು ದೀಪಕ್ಕೆ ಮರುಳಾಗಿಲ್ಲ, ಬೆನ್ನು ತೋರಿಸುತ್ತಿವೆ. ಪತ್ರಗಳಿಗೆ ನೀನು ಮಾಡುವುದೂ ಅದನ್ನೇ.

ಈಗ ಕೆಲಸದ ಮಾತು. ನೀನು ಒಯ್ದ ಟಿಪ್ಪಣಿ ಪುಸ್ತಕಗಳನ್ನು ಕಳುಹಿಸು, ಕೈಬರಹ ಓದಲು ಕಪ್ಪೆಯ ಹುಡುಗಿ ಒಪ್ಪಿಕೊಂಡಿದ್ದಾಳೆ. ಬರುವ ಅಮಾವಾಸ್ಯೆಗೆ ಅವಳೂ ನಾನೂ ಬಟ್ಟೆ ಕಟ್ಟುತ್ತೇವೆ. ನೋಡಿದವರ ಅಂಕಣದಲ್ಲಿ ಅವಳ ಹೆಸರು ಮೊದಲಿರಲಿ ಎಂದಿದ್ದೇನೆ, ಅವಳು ಅದನ್ನು ನನ್ನ ಔದಾರ್ಯವೆಂದುಕೊಂಡಿದ್ದಾಳೆ. ದೀಪದ ಚೋಕ್ ಗುಂಯ್‌ಗುಡುತ್ತದೆ, ಯಾವ ಸ್ಕ್ರೂ ಬಿಗಿಯಬೇಕೆಂದು ಮಾತ್ರ ದಯವಿಟ್ಟು ತಿಳಿಸು. ಮೇಷ್ಟ್ರು ಕೊಡೆ ಕೇಳುತ್ತಿದ್ದಾರೆ.

ನಿನ್ನವನೇ,
ಮೂರನೆಯ ಗೂಬೆ