ಶನಿವಾರ ಸ್ವಾನೇಜ್‌ಗೆ: ಹಳೆ ರೈಲು, ಆಮೇಲೆ ನಡಿಗೆ

ಎಲ್ಲರಿಗೂ ನಮಸ್ಕಾರ. ಶನಿವಾರ ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಗೆ ಹೊರಟವರು ಇದನ್ನೊಮ್ಮೆ ಓದಿಬಿಡಿ.

ಕಾರುಗಳನ್ನು ನಾರ್ಡನ್ ಸ್ಟೇಷನ್ ಹತ್ತಿರ ನಿಲ್ಲಿಸೋಣ. ಅಲ್ಲಿಂದ ಸ್ವಾನೇಜ್ ಸಮುದ್ರ ತೀರಕ್ಕೆ ರೈಲಿನಲ್ಲಿ ಸುಮಾರು 9 ಕಿ.ಮೀ. ಎಲ್ಲ ಗಾಡಿಗಳೂ ಉಗಿಬಂಡಿಗಳಲ್ಲ, ಕೆಲವಕ್ಕೆ ಡೀಸೆಲ್ ಎಂಜಿನ್ ಇರುತ್ತದೆ. ವೇಳಾಪಟ್ಟಿ ನೋಡಿಯೇ ಟಿಕೆಟ್ ತೆಗೆದುಕೊಳ್ಳಿ.

ಈ ಮಾರ್ಗ ಶುರುವಾದದ್ದು 1885ರಲ್ಲಿ. 1972ರಲ್ಲಿ ಮುಚ್ಚಿದರು, ಹಳಿಗಳನ್ನೂ ಕಿತ್ತುಹಾಕಿದರು. ಆದರೆ ಸ್ವಯಂಸೇವಕರು ಬಿಡಲಿಲ್ಲ. ಸ್ವಾನೇಜ್ ಕಡೆಯಿಂದ ಸ್ವಲ್ಪ ಸ್ವಲ್ಪವೇ ಹಳಿ ಹಾಸುತ್ತಾ ಬಂದು 1995ರಲ್ಲಿ ನಾರ್ಡನ್ ಮುಟ್ಟಿಸಿದರು. ಎಷ್ಟು ವರ್ಷದ ದುಡಿಮೆ, ಅಲ್ವಾ? ಇಂದಿಗೂ ಅಲ್ಲಿ ಕೆಲಸ ಮಾಡುವವರಲ್ಲಿ ಜಾಸ್ತಿ ಜನ ಸ್ವಯಂಸೇವಕರೇ. ಸಿಕ್ಕರೆ ದಯವಿಟ್ಟು ಎರಡು ಮಾತಾಡಿಸಿ.

ದಾರಿಯಲ್ಲಿ ಕಾರ್ಫ್ ಕೋಟೆ ಕಾಣುತ್ತದೆ. 1646ರಲ್ಲಿ, ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಹೋರಾಡಿದ ಪಾರ್ಲಿಮೆಂಟ್ ಪಡೆ ಅದನ್ನು ಒಡೆದು ಹಾಕಿತು. ವಾಲಿ ನಿಂತ ಗೋಡೆಗಳನ್ನು ವಾಪಸ್ ಬರುವಾಗ ಇಳಿದು ನೋಡೋಣ.

ನಡಿಗೆ ಸ್ವಾನೇಜ್ ಕೊಲ್ಲಿಯ ಉತ್ತರ ತುದಿಯಿಂದ. ಬ್ಯಾಲರ್ಡ್ ಡೌನ್ ಗುಡ್ಡ ಹತ್ತಿ, ಓಲ್ಡ್ ಹ್ಯಾರಿ ಬಂಡೆಗಳ ತನಕ ಹೋಗಿ, ಸ್ಟಡ್‌ಲ್ಯಾಂಡ್‌ನಲ್ಲಿ ಇಳಿಯುತ್ತೇವೆ. ಅಲ್ಲಿಂದ ಬಸ್ಸಿನಲ್ಲಿ ಸ್ವಾನೇಜ್‌ಗೆ. ನೀಲಿ ನೀರಿನಲ್ಲಿ ಸುಣ್ಣದ ಕಂಬಗಳು ನಿಂತ ಹಾಗೆ ಕಾಣುವ ಓಲ್ಡ್ ಹ್ಯಾರಿ ಬಂಡೆಗಳಿಗಾಗಿಯೇ ನಾನು ಈ ದಾರಿ ಆರಿಸಿದ್ದು. ಆದರೆ ಅಲ್ಲಿ ಬೇಲಿ ಇಲ್ಲ, ಅಂಚಿನ ಸೀಮೆಸುಣ್ಣದ ಕಲ್ಲು ಕುಸಿಯುತ್ತದೆ. ಫೋಟೋಗೆಂದು ಯಾರೂ ಅಂಚಿಗೆ ಹೋಗಬೇಡಿ, ಮಕ್ಕಳ ಕೈ ಬಿಡಬೇಡಿ.

ಒಳ್ಳೆ ಹಿಡಿತದ ಶೂ, ನೀರು, ಗಾಳಿಗೆ ಒಂದು ಜಾಕೆಟ್ ಸಾಕು. ಬರುವವರು ಗುರುವಾರದೊಳಗೆ ಇಲ್ಲೇ ತಿಳಿಸಿ.